ಅಣ್ಣ ಹೇಳದ ನಾಲ್ಕು

ಮಾರ್ಚ್ ೪, ಸೋಮವಾರ

ಗುಬ್ಬಿ, ಹೇಗಿದ್ದೀಯ? ಭಾವನ ಮಂಡಿನೋವು ಮೆಟ್ಟಿಲು ಹತ್ತುವಷ್ಟಾದರೂ ಇಳಿಯಿತೇ? ನಿನ್ನ ಅತ್ತೆಯವರ ಕಣ್ಣಿಗೆ ಹನಿ ಮರೆಯದೆ ಹಾಕುತ್ತಿದ್ದೀಯ ತಾನೆ? ಮೊಮ್ಮಕ್ಕಳು ಹೇಗಿದ್ದಾರೆ, ಚಿಂಟಿಯ ಕೆಮ್ಮು ಹೋಯಿತೇ? ಡುಮ್ಮ ಪುಸ್ತಕ ಮುಟ್ಟುತ್ತಾನೋ, ಇಲ್ಲ ತಲೆದಿಂಬು ಮಾಡಿಕೊಂಡು ಮಲಗುತ್ತಾನೋ?

ಕೇಳುವುದು ನನ್ನ ಚಾಳಿ, ಕೇಳಿದ್ದೇನೆ. ಉತ್ತರ ಬರುವುದಿಲ್ಲ, ಏಕೆಂದರೆ ಇದನ್ನು ನಾನು ಅಂಚೆಗೆ ಹಾಕುವುದಿಲ್ಲ. ದಿನಚರಿ ಬರೆಯೋಣವೆಂದು ಕೂತೆ. ಎದುರಿಗೆ ಯಾರೂ ಇಲ್ಲದಿದ್ದರೆ ನನಗೆ ಒಂದು ಸಾಲೂ ಹೊರಡುವುದಿಲ್ಲ. ಅದಕ್ಕೆ ತಂಗಿಯಾದ ನಿನ್ನನ್ನು ಕೂರಿಸಿಕೊಂಡಿದ್ದೇನೆ. ನಿಜವಾಗಿ ಕಳಿಸಿದರೆ ನೀನು ಪೂರ್ತಿ ಓದುವ ಮೊದಲೇ ಅಣ್ಣನಿಗೆ ಫೋನ್ ಮಾಡುತ್ತೀಯ. ನಿನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂಬುದು ನಿನ್ನ ಹಾಲುಹಲ್ಲಿನ ಕಾಲದಿಂದ ಮನೆಮಂದಿಗೆಲ್ಲ ಗೊತ್ತು.

ಶುಕ್ರವಾರ ಅಣ್ಣ ಬಲ್ಬು ಬದಲಿಸಲು ಹೋಗಿ ಸ್ಟೂಲಿನಿಂದ ಬಿದ್ದದ್ದು, ಎಡಗೈ ಮಣಿಕಟ್ಟು ಮುರಿದದ್ದು, ಒಳಗೆ ಲೋಹದ ಪಟ್ಟಿ ಕೂರಿಸಿ ಮೊಳಕೈವರೆಗೆ ಪ್ಲಾಸ್ಟರ್ ಹಾಕಿದ್ದು ನಿನಗೆ ಗೊತ್ತೇ ಇದೆ. ಗೊತ್ತಿಲ್ಲದ್ದನ್ನು ಬರೆಯುತ್ತೇನೆ.

ಇಂದು ಮಧ್ಯಾಹ್ನ ಹೋಟೆಲಿನ ಹೊಸ ಮ್ಯಾನೇಜರಮ್ಮ ಅತ್ತಿಗೆಗೆ ಫೋನ್ ಮಾಡಿದಳು. ಗುರುವಾರ, ಶನಿವಾರ ಸಂಜೆ ಅಲ್ಲಿನ ಊಟದ ಹಾಲಿನಲ್ಲಿ ನಮ್ಮ ಮೂವರ ಹಾಡು ಇರುತ್ತದಲ್ಲ, ಅಣ್ಣನ ಗಿಟಾರು, ಅತ್ತಿಗೆಯ ಕಂಠ, ನನ್ನ ಬೇಸ್ ಗಿಟಾರು. ಕೈ ಸರಿಹೋಗುವ ತನಕ ಬ್ಯಾಂಡಿಗೆ ರಜೆ ಎಂದು ಅಣ್ಣ ಆಸ್ಪತ್ರೆಯಿಂದಲೇ ಅವಳಿಗೆ ಹೇಳಿಬಿಟ್ಟಿದ್ದನಂತೆ. ಅವಳು ಅತ್ತಿಗೆಗೆ ಹೇಳಿದ್ದು ಹೀಗೆ: "ಅಮ್ಮಾ, ರಜೆ ಗಿಜೆ ನಮ್ಮಲ್ಲಿಲ್ಲ. ಇಬ್ಬರೇ ಬರ್ತೀರಾದ್ರೆ ಬನ್ನಿ. ಇಲ್ಲಾಂದ್ರೆ ಕೀಬೋರ್ಡಿನವನೊಬ್ಬ ಕಾಯ್ತಾ ಇದಾನೆ. ಅವನ ಪೆಟ್ಟಿಗೇಲಿ ಡ್ರಮ್ಮೂ ಇದೆ, ಬೇಸೂ ಇದೆ. ಅವು ಯಾವತ್ತೂ ಬಿದ್ದು ಕೈ ಮುರ್ಕೊಳಲ್ಲ."

ಅಣ್ಣನ ಉತ್ತರ ನಮಗೆ ನಿನ್ನೆಯೇ ಸಿಕ್ಕಿತ್ತು. ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳಿದ್ದ: "ನಾನಿಲ್ದೆ ನೀವಿಬ್ರು ಅಲ್ಲಿ ನಿಂತ್ರೆ ಬ್ಯಾಂಡ್ ಮುಗೀತು ಅಂತ ಅರ್ಥ. ಆಮೇಲೆ ನನ್ನನ್ನ ಕರೀಬೇಡಿ."

ಅತ್ತಿಗೆ ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿ ನನ್ನ ಹತ್ತಿರ ಪಿಸುಗುಟ್ಟಿದರು. "ಪುಟ್ಟು, ಆ ಜಾಗ ಹೋದ್ರೆ ಇವರು ಕೈ ವಾಸಿ ಮಾಡ್ಕೊಂಡು ಬಂದು ಎಲ್ಲಿ ಕೂರ್ತಾರೆ? ಈ ಗೋಡೆ ಮುಂದೇನಾ? ನಾವಿಬ್ರೂ ಹೋಗೋಣ. ಇವರಿಗೆ ಹೇಳೋದ್ ಬೇಡ. ಇವರು ಏಳೋವರೆಗೆ ಜಾಗ ಹಿಡ್ಕೊಂಡಿರೋಣ, ಅಷ್ಟೇ."

ಅರವತ್ತು ದಾಟಿದ ಮೇಲೂ ನಾನು ಈ ಮನೆಯಲ್ಲಿ ಪುಟ್ಟು. ಪುಟ್ಟು ಹೂಂ ಎಂದ. ಅತ್ತಿಗೆ ಮಕ್ಕಳಿಗೆ ಹಾಡಿನ ಪಾಠ ಹೇಳಲು ಹೋಗುತ್ತಾರೆ, ನಾನು ಅಂಗಡಿಯಿಂದ ಹೊಲಿಗೆ ಯಂತ್ರ ರಿಪೇರಿಗೆ ಗಿರಾಕಿಗಳ ಮನೆಗೆ ಹೋಗುತ್ತೇನೆ. ಹೀಗಂತ ಅಣ್ಣನಿಗೆ ಹೇಳುವುದೆಂದು ಗೊತ್ತುಮಾಡಿಕೊಂಡೆವು.

ಆದರೆ ನನ್ನ ಹೆದರಿಕೆ ಬೇರೆ. ಇಷ್ಟು ವರ್ಷದಲ್ಲಿ ನಾನು ಒಂದು ಹಾಡನ್ನೂ ಶುರುಮಾಡಿದವನಲ್ಲ. ಎಣಿಸುವವನು ಅಣ್ಣ. ಮನೆಯಲ್ಲಿ ಬೀರು ಎತ್ತಿ ಇಡುವಾಗಲೂ ಅವನೇ ಎಣಿಸಬೇಕು. ಹಾಡುವಾಗ ಕಾಲಡಿ ಒಂದು ಹಲಗೆ ಇಟ್ಟುಕೊಂಡು ಹಿಮ್ಮಡಿಯಿಂದ ಕುಟ್ಟುತ್ತಾನೆ. ನಾನು ಅವನ ಬೆನ್ನ ಹಿಂದೆ, ಕಂಬದ ಮಗ್ಗುಲಲ್ಲಿ, ಆ ಹಿಮ್ಮಡಿ ನೋಡಿಕೊಂಡು ನಿಂತಿರುತ್ತೇನೆ. ಹಿಮ್ಮಡಿ ಎದ್ದರೆ ಶುರು, ಒತ್ತಿ ನಿಂತರೆ ಮುಗಿಯಿತು. ಜನ ಗುರುವಿನ ಮುಖ ನೋಡಿ ಸಂಗೀತ ಕಲಿಯುತ್ತಾರೆ. ನಾನು ಅಣ್ಣನ ಕಾಲು ನೋಡಿ ಕಲಿತವನು.

ಮಾರ್ಚ್ ೮, ಶುಕ್ರವಾರ, ಬೆಳಿಗ್ಗೆ

ನಿನ್ನೆ ಮಾನ ಹೋಯಿತು. ಯಾರಿಗೂ ಗೊತ್ತಾಗಲಿಲ್ಲ, ಅದೊಂದು ಪುಣ್ಯ.

ರೈಲಿನ ಹಾಡು ಮೊದಲು ಎಂದುಕೊಂಡಿದ್ದೆವು. ಅತ್ತಿಗೆ ಮೈಕಿನ ಹತ್ತಿರ ನಿಂತು ನನ್ನ ಕಡೆ ನೋಡಿದರು. ಶುರುಮಾಡಲು ಬೇರೆ ಯಾರೂ ಇಲ್ಲವಲ್ಲ. "ಒಂದು, ಎರಡು, ಮೂರು, ನಾಲ್ಕು" ಎಂದೆ, ಹೊರಟೆ.

ಅತ್ತಿಗೆ ಹೊರಡಲಿಲ್ಲ. ಒಂದು ಪೆಟ್ಟು ತಡವಾಗಿ ಹೊರಟರು.

ಏನಾಯಿತು ಗೊತ್ತಾ? ಅಣ್ಣ ನಾಲ್ಕು ಹೇಳುವುದೇ ಇಲ್ಲ, ಗುಬ್ಬಿ! ಇಷ್ಟು ವರ್ಷ ಕೇಳಿದ್ದೇನೆ, ಗಮನಿಸಿರಲಿಲ್ಲ. ಒಂದು, ಎರಡು, ಮೂರು ಎನ್ನುತ್ತಾನೆ, ನಾಲ್ಕರ ಜಾಗದಲ್ಲಿ ಮೂಗಿನಿಂದ ಸುಂಯ್ ಎಂದು ಉಸಿರೆಳೆದುಕೊಳ್ಳುತ್ತಾನೆ. ಆ ಉಸಿರಿನ ಬೆನ್ನಿಗೆ ನಾವು ಹೊರಡುವುದು. ನಾನು ದಡ್ಡ, ನಾಲ್ಕನ್ನೂ ಬಾಯಿಬಿಟ್ಟು ಹೇಳಿದೆ. ಅತ್ತಿಗೆಯ ಕಿವಿ, ಹೇಳಿದ ಕೊನೆಯ ಅಂಕಿಯ ಆಮೇಲೆ ಉಸಿರು ಬರಲಿ ಎಂದು ಕಾದಿತು. ನಾನು ಮುಂದೆ, ಅವರು ಹಿಂದೆ.

ಆಮೇಲಿನದು ಇನ್ನೂ ಚೆಂದ. ಅವರು ತಡವಾದರಲ್ಲ ಎಂದು ನಾನು ಒಂದು ಪೆಟ್ಟು ಕಾದೆ. ತಾನು ಹಿಂದೆ ಬಿದ್ದೆನಲ್ಲ ಎಂದು ಅವರು ಅದೇ ಹೊತ್ತಿಗೆ ಒಂದು ಪೆಟ್ಟು ಹಾರಿದರು. ಈಗ ಅವರು ಮುಂದೆ, ನಾನು ಹಿಂದೆ. ಸಣ್ಣ ಬಾಗಿಲಲ್ಲಿ ಎದುರಾದ ಇಬ್ಬರು ನೀವು ಹೋಗಿ, ಇಲ್ಲ ನೀವು ಹೋಗಿ ಎಂದು ಒಂದೇ ಪಕ್ಕಕ್ಕೆ ಸರಿಯುತ್ತಾರಲ್ಲ, ಹಾಗೆ ಹಾಡು ಮುಗಿಯುವವರೆಗೆ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟೆವು. ಗಿಟಾರು ಇದ್ದಿದ್ದರೆ ಮರೆಮಾಚುತ್ತಿತ್ತು. ಬರೀ ಕಂಠ, ಬರೀ ಬೇಸು. ಗೋಡೆಯಿಲ್ಲದ ಮನೆಯಲ್ಲಿ ಸ್ನಾನಕ್ಕೆ ನಿಂತ ಹಾಗಿತ್ತು.

ಜನ ಚಪ್ಪಾಳೆ ತಟ್ಟಿದರು. ಬಡಿಸುವವನು ನೀರು ತಂದಿಟ್ಟು, "ಸಾರ್, ಹೊಸ ಥರ ಹಾಡಿದ್ರಿ, ಚೆನ್ನಾಗಿತ್ತು" ಎಂದ. ಮ್ಯಾನೇಜರಮ್ಮ ನಗಲಿಲ್ಲ, ಬೈಯಲಿಲ್ಲ. ಶನಿವಾರ ಬನ್ನಿ ಎಂದಳು.

ಮನೆಗೆ ಬಂದಾಗ ಅಣ್ಣ ಕೇಳಿದ, "ಯಂತ್ರ ಸರಿಹೋಯ್ತೇನೋ?"

"ಇಲ್ಲಣ್ಣ. ಹೊಲಿಗೆ ಬಿಟ್ಬಿಟ್ಟು ಬೀಳ್ತಾ ಇದೆ" ಎಂದೆ. ಅದೊಂದೇ ನಿಜ ಹೇಳಿದ್ದು.

ಮಾರ್ಚ್ ೧೦, ಭಾನುವಾರ

ಅಂಗಡಿಯ ಶಟರ್ ಅರ್ಧ ಇಳಿಸಿ, ಬಿಚ್ಚಿಟ್ಟ ಯಂತ್ರಗಳ ನಡುವೆ ಅತ್ತಿಗೆಗೆ ಒಂದು ಕುರ್ಚಿ ಹಾಕಿ ಅಭ್ಯಾಸ ಮಾಡಿದೆವು.

"ನಾಲ್ಕು ಹೇಳ್ಬೇಡ ಕಣೋ. ಅವರು ಹೇಳಲ್ಲ."

"ಹೇಳ್ದೆ ಏನ್ಮಾಡ್ಲಿ?"

"ಅವರ ಥರ ಉಸಿರೆಳ್ಕೋ."

ಎಳೆದುಕೊಂಡೆ. ಅತ್ತಿಗೆ ನಕ್ಕು ನಕ್ಕು ಮೊಳಕೈ ತಾಗಿಸಿ ಎಣ್ಣೆ ಡಬ್ಬಿ ಬೀಳಿಸಿದರು. "ಅದು ಉಸಿರಲ್ಲಪ್ಪಾ, ನೆಗಡಿ."

"ಅಣ್ಣನ ಮೂಗೇ ಬೇರೆ ಅತ್ತಿಗೆ. ಅಪ್ಪನ ಮೂಗು ಪೂರ್ತಿ ಅವನಿಗೇ ಹೋಯ್ತು. ನನಗೆ ಉಳಿದದ್ದು ಚೂರು."

"ಹಾಗಾದ್ರೆ ಆ ಜಾಗ ಖಾಲಿ ಬಿಡು. ಖಾಲಿ ಬಿಟ್ರೂ ನನಗೆ ಕೇಳ್ಸುತ್ತೆ."

ಖಾಲಿ ಬಿಟ್ಟೆ. ಸರಿಯಾಗಿ ಬಂದರು. ನೆಲ ಒರೆಸುವಾಗ ಅತ್ತಿಗೆಯ ನಗು ನಿಂತಿತ್ತು. "ಇವರಿಗೆ ಗೊತ್ತಾದ್ರೆ ಏನ್ ಮಾಡೋದು ಪುಟ್ಟು?" ಎಂದರು. ನಾನು ಬಟ್ಟೆ ಹಿಂಡಿದೆ.

ಮಾರ್ಚ್ ೧೭, ಭಾನುವಾರ

ನಿನ್ನೆ ಚೆನ್ನಾಗಾಯಿತು. ಕಂಬದ ಹತ್ತಿರದ ಪ್ಲಗ್ಗು ಸಡಿಲ, ಕರಕರ ಎನ್ನುತ್ತದೆ. ಅದಕ್ಕೆ ಮುಂದೆ, ನಡುಮಧ್ಯೆ ನಿಂತೆ. ನೆಲ ತೀರಾ ನುಣುಪು, ಕಾಲು ಜಾರುತ್ತದೆ. ಅದಕ್ಕೆ ಅಣ್ಣನ ಹಲಗೆಯನ್ನು ಬೇಸಿನ ಚೀಲದಲ್ಲಿ ಹಾಕಿಕೊಂಡು ಹೋಗಿ ಹಿಮ್ಮಡಿಯಡಿ ಇಟ್ಟುಕೊಂಡಿದ್ದೇನೆ. ಕಿಟಕಿ ಹಾಡಿನ ಶ್ರುತಿ ಅತ್ತಿಗೆಗೆ ಮೇಲಾಗುತ್ತಿತ್ತು, ಅರ್ಧ ಸ್ವರ ಇಳಿಸಿದೆ. ಅಣ್ಣ ಇಳಿಸಲು ಒಪ್ಪುತ್ತಿರಲಿಲ್ಲ. ಅವನು ಬಂದ ಮೇಲೆ ಮತ್ತೆ ಏರಿಸಿಕೊಳ್ಳಲಿ. ತಟ್ಟೆ ತುಂಬಿದ ತಳ್ಳುಗಾಡಿಯನ್ನು ಹಾಡಿನ ನಡುವೆ ಗಡಗಡ ಎಂದು ಉರುಳಿಸಬಾರದೆಂದು ಬಡಿಸುವವನಿಗೆ ಹೇಳಿದೆ. ಪಾಪ, ತಕ್ಷಣ ನಿಲ್ಲಿಸಿದ.

ಮ್ಯಾನೇಜರಮ್ಮ ಹೊರಡುವಾಗ ಹೇಳಿದಳು. ಏಪ್ರಿಲ್ ಇಪ್ಪತ್ತರ ಶನಿವಾರ ಮಾಲೀಕರು ಊಟಕ್ಕೆ ಬರುತ್ತಾರೆ. ಅವರು ಕೇಳಿ ಹೂಂ ಅಂದರೆ ಜಾಗ ನಮ್ಮದು. ಇಲ್ಲದಿದ್ದರೆ ಕೀಬೋರ್ಡಿನವನದು. "ಮೂರನೆಯವರು ಬರ್ತಾರೆ ಅಂತ ಹೇಳ್ತಾನೇ ಇದೀರಿ. ಬರ್ತಾರಾ?"

"ಬರ್ತಾರೆ" ಎಂದೆ. ಮುಂದೆ ಅವಳು ಏನೋ ಹೇಳಲು ಹೊರಟಿದ್ದಳು. "ಬರ್ತಾರೆ ಅಂದ್ನಲ್ಲ" ಎಂದೆ. ತಲೆಯಾಡಿಸಿ ಹೋದಳು.

ಮಾರ್ಚ್ ೨೨, ಶುಕ್ರವಾರ

ಅಣ್ಣ ಇಂದು ಬೆಳಿಗ್ಗೆ: "ಲೋ ಪುಟ್ಟು, ನನ್ನ ಹಲಗೆ ಎಲ್ಲಿ?"

ಅತ್ತಿಗೆಯ ಕೈಲಿದ್ದ ಲೋಟ ಅಲ್ಲೇ ನಿಂತಿತು.

"ಅಂಗಡೀಲಿದೆ ಅಣ್ಣ. ಒಂದು ಯಂತ್ರದ ಕಾಲು ಗಿಡ್ಡ. ಕೆಳಗೆ ಕೊಟ್ಟಿದ್ದೀನಿ."

"ಅಷ್ಟು ದಪ್ಪ ಹಲಗೆ ಕೊಡೋಷ್ಟು ಗಿಡ್ಡವಾ?"

"ತೀರಾ ಗಿಡ್ಡ."

ಸ್ವಲ್ಪ ಹೊತ್ತು ಚಹಾ ಕುಡಿದ. ಆಮೇಲೆ ಕೇಳಿದ, "ಈ ಊರಲ್ಲಿ ಹೊಲಿಗೆ ಯಂತ್ರಗಳು ಗುರುವಾರ ಶನಿವಾರ ಮಾತ್ರ ಕೆಡ್ತವೇನೋ?"

ನಾನು ನಕ್ಕೆ. ಅತ್ತಿಗೆಯೂ ನಕ್ಕರು. ಅವನು ನಗಲಿಲ್ಲ.

ಏಪ್ರಿಲ್ ೯, ಮಂಗಳವಾರ

ಪ್ಲಾಸ್ಟರ್ ತೆಗೆದರು. ಕೈ ಬಾಡಿದ ಸೊಪ್ಪಿನ ದಂಟಿನ ಹಾಗಿದೆ. ಮೂಳೆ ಕೂಡಿದೆ, ಆದರೆ ಉಂಗುರ ಬೆರಳು, ಕಿರುಬೆರಳು ಎರಡಕ್ಕೂ ಸ್ಪರ್ಶವಿಲ್ಲ. ಡಾಕ್ಟರು ಸೂಜಿ ಮೊನೆ ತಾಗಿಸಿ ಕೇಳಿದರು. "ಇಲ್ಲಿ? ಇಲ್ಲಿ?" ಅಣ್ಣ ಎರಡು ಸಲ "ಹೂಂ" ಎಂದ. ಡಾಕ್ಟರು ಎರಡನೇ ಸಲ ಮುಟ್ಟಿಯೇ ಇರಲಿಲ್ಲ.

ನರಕ್ಕೆ ಪೆಟ್ಟಾಗಿದೆಯಂತೆ. ತಿಂಗಳುಗಟ್ಟಲೆ ಬೇಕು. ಬಂದರೂ ಬರಬಹುದು, ಬರದೆಯೂ ಇರಬಹುದು. ಆ ಎರಡು ಬೆರಳಿಗೆ ದಿನಾ ಕೆಲಸ ಕೊಡಿ ಎಂದರು.

ದಾರಿಯುದ್ದಕ್ಕೂ ಅಣ್ಣ ಆ ಎರಡು ಬೆರಳುಗಳನ್ನು ಜೇಬಿನಲ್ಲಿ ಹಾಕಿಕೊಂಡೇ ನಡೆದ.

ಏಪ್ರಿಲ್ ೧೨, ಶುಕ್ರವಾರ

ಮಹಡಿಯ ನನ್ನ ಕೋಣೆಗೆ ಕೆಳಗಿನದೆಲ್ಲ ಕೇಳುತ್ತದೆ. ಮಧ್ಯಾಹ್ನ ಅಣ್ಣ ಬಾಗಿಲು ಹಾಕಿಕೊಂಡು ಗಿಟಾರು ಹಿಡಿದಿದ್ದ. ಸಣ್ಣ ತಂತಿಗಳು ಹಾಡುತ್ತವೆ, ದಪ್ಪ ತಂತಿ ಗರ್ ಎನ್ನುತ್ತದೆ. ತಂತಿ ಒತ್ತಿದ್ದು ಆ ಬೆರಳುಗಳಿಗೆ ಗೊತ್ತೇ ಆಗುವುದಿಲ್ಲವಲ್ಲ. ನಿಲ್ಲಿಸುತ್ತಾನೆ. ಅದನ್ನೇ ಮತ್ತೆ ಹಿಡಿಯುತ್ತಾನೆ. ಗರ್. ಮತ್ತೆ. ಗರ್.

ಕೆಳಗಿಳಿದು ಹೋದೆ. ಅತ್ತಿಗೆ ಅವನ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದರು. ನನಗೆ ಹೋಗು ಎಂದು ಕೈಸನ್ನೆ ಮಾಡಿದರು.

ಏಪ್ರಿಲ್ ೧೪, ಭಾನುವಾರ

ಇಂದು ಅಣ್ಣನ ಮಂಚವನ್ನು ಕಿಟಕಿಯ ಪಕ್ಕಕ್ಕೆ ಸರಿಸಿದೆವು. ಬೆರಳಿನ ವ್ಯಾಯಾಮಕ್ಕೆ ಬೆಳಕು ಬೇಕೆಂದ. ಹಳೇ ಮಂಚ, ಹೆಣಭಾರ. ಅತ್ತಿಗೆ ಕಾಲ ಕಡೆ, ನಾನು ತಲೆಯ ಕಡೆ, ಅಣ್ಣ ನನ್ನ ಮಗ್ಗುಲಲ್ಲಿ ಬಲಗೈ ಒಂದನ್ನೇ ಕೊಟ್ಟು. ನಾನು ಒಂದು, ಎರಡು, ಮೂರು ಎಂದೆ, ಹೂವಿನ ಹಾಗೆ ಎದ್ದಿತು. ಗೋಡೆಗೆ ತಾಗಲಿಲ್ಲ, ಯಾರ ಕಾಲ ಮೇಲೂ ಬೀಳಲಿಲ್ಲ. ಇಷ್ಟು ಸಲೀಸಾಗಿ ಈ ಮಂಚ ಎಂದೂ ಜಾಗ ಬಿಟ್ಟಿರಲಿಲ್ಲ.

ಇಟ್ಟ ಮೇಲೆ ಅಣ್ಣ ಮಂಚ ನೋಡಲಿಲ್ಲ, ಕಿಟಕಿ ನೋಡಲಿಲ್ಲ. ನನ್ನನ್ನೇ ನೋಡಿದ.

"ಏನಣ್ಣ, ಕೈ ನೋವಾಯ್ತಾ?"

"ಇಲ್ಲ."

ಅತ್ತಿಗೆಯ ಮುಖ ಬಿಳಿಚಿಕೊಂಡಿತ್ತು. ಭಾರ ಎತ್ತಿದ್ದಕ್ಕಿರಬೇಕು. ಸಕ್ಕರೆ ಹಾಕಿದ ನೀರು ಕೊಟ್ಟೆ, ಮುಟ್ಟಲಿಲ್ಲ.

ಏಪ್ರಿಲ್ ೧೬, ಮಂಗಳವಾರ

ಅಣ್ಣ ಮಾತಾಡುತ್ತಿಲ್ಲ. ಗಿಟಾರನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯ ಮುಖ ಗೋಡೆಗೆ ಮಾಡಿ ನಿಲ್ಲಿಸಿದ್ದಾನೆ.

"ಅವರಿಗೆ ಗೊತ್ತಾಗಿದೆ" ಎಂದರು ಅತ್ತಿಗೆ.

"ಯಾರು ಹೇಳಿದ್ರು?"

"ನೀನೇ."

"ನಾನಾ? ನಾನ್ ಯಾವಾಗ ಬಾಯ್ಬಿಟ್ಟೆ ಅತ್ತಿಗೆ? ಆಣೆ ಮಾಡ್ಲಾ?"

ಅತ್ತಿಗೆ ನನ್ನನ್ನು ನೋಡಿದರು, ನಿಟ್ಟುಸಿರು ಬಿಟ್ಟರು. "ಹೋಗ್ಲಿ ಬಿಡು" ಎಂದರು. ನನಗೆ ಇನ್ನೂ ಅರ್ಥವಾಗಿಲ್ಲ.

ಏಪ್ರಿಲ್ ೧೯, ಶುಕ್ರವಾರ

ಅತ್ತಿಗೆಗೂ ನನಗೂ ಜಗಳವಾಯಿತು, ಗುಬ್ಬಿ. ಈ ಮನೆಯಲ್ಲಿ ಹೀಗೆ ಆಗಿರಲಿಲ್ಲ.

ನಾಳೆ ಮಾಲೀಕರು ಬರುತ್ತಾರೆ. ಹೋಗುವ ಮೊದಲು ಅಣ್ಣನಿಗೆ ಎಲ್ಲ ಹೇಳಿಬಿಡೋಣ ಎಂದು ಅತ್ತಿಗೆ. ನಾಳೆ ಮುಗಿಯಲಿ, ಜಾಗ ಗಟ್ಟಿಯಾಗಲಿ, ಭಾನುವಾರ ಹೇಳೋಣ ಎಂದು ನಾನು. ಇಂದು ಹೇಳಿದರೆ ಅವನು ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. ಅವನು ಅಡ್ಡ ನಿಂತರೆ ನಾನು ದಾಟಿಕೊಂಡು ಹೋಗುವವನಲ್ಲ. ನನ್ನ ಕಾಲಿನಲ್ಲಿ ಅಷ್ಟು ಶಕ್ತಿಯಿಲ್ಲ.

"ಅವರ ಕಣ್ಣೆದುರಿಗೆ ಕೂತು ಅನ್ನ ಬಡಿಸೋಕೆ ನನ್ ಕೈಲಿ ಆಗ್ತಿಲ್ಲ ಪುಟ್ಟು."

"ಒಂದ್ ದಿನ ತಡ್ಕೊಳಿ ಅಂದ್ರೆ ತಡ್ಕೋಬೇಕು. ಮೊದ್ಲು ರೈಲು, ಆಮೇಲೆ ಕಿಟಕಿ. ಕಂಠ ಇವತ್ತೇ ಸುಸ್ತು ಮಾಡ್ಕೋಬೇಡಿ. ಬಿಸಿನೀರು ಕುಡೀರಿ, ಮಲಗಿ."

ಅತ್ತಿಗೆ ತಟ್ಟೆ ಕೆಳಗಿಟ್ಟು ಹೇಳಿದರು, "ನೋಡು, ಥೇಟ್ ನಿಮ್ಮಣ್ಣನ ಥರಾನೇ ಮಾತಾಡ್ತಾ ಇದೀಯ."

ಅದೆಂಥ ಮಾತು! ಮನಸ್ಸಿಗೆ ಬಹಳ ನೋವಾಯಿತು.

ಏಪ್ರಿಲ್ ೨೧, ಭಾನುವಾರ

ಬೆಳಗಿನಿಂದ ಮೂರು ಸಲ ಬರೆಯಲು ಕೂತೆ, ಎದ್ದೆ. ಒಂದೊಂದಾಗಿ ಹೇಳುತ್ತೇನೆ.

ಮಾಲೀಕರು ಮುಂದಿನ ಮೇಜಿನಲ್ಲೇ ಕೂತಿದ್ದರು. ಜೊತೆಯಲ್ಲಿ ಹೆಂಡತಿ, ಪಕ್ಕದಲ್ಲಿ ನಿಂತ ಮ್ಯಾನೇಜರಮ್ಮ. ಕಿಟಕಿ ಹಾಡನ್ನೇ ಮೊದಲು ಹಾಡಿದೆವು, ರೈಲು ಕೊನೆಗೆ ಇರಲಿ ಎಂದು ಆ ಗಳಿಗೆಯಲ್ಲಿ ಬದಲಿಸಿದೆ. ಚೆನ್ನಾಗಿಯೇ ಹೋಯಿತು. ಮಾಲೀಕರು ಚಮಚ ಕೆಳಗಿಡಲಿಲ್ಲ, ಅಷ್ಟೆ. ಎರಡನೇ ಹಾಡು ಅರ್ಧವಾಗಿತ್ತು. ಅತ್ತಿಗೆಯ ದನಿ ನಡುವೆ ಕಡಿದು ಮತ್ತೆ ಕೂಡಿಕೊಂಡಿತು. ಅವರು ನೋಡುತ್ತಿದ್ದ ಕಡೆ ನಾನೂ ನೋಡಿದೆ.

ಅಡುಗೆಮನೆ ಕಡೆಯ ಬಾಗಿಲಲ್ಲಿ ಅಣ್ಣ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಬಲಗೈಯಲ್ಲಿ ಗಿಟಾರಿನ ಪೆಟ್ಟಿಗೆ.

ಹಾಡು ಮುಗಿಯುವವರೆಗೆ ಅಲ್ಲೇ ನಿಂತ. ಆಮೇಲೆ ನಿಧಾನವಾಗಿ ಬಂದ. ಹಳೇ ಗಿರಾಕಿಗಳು ಗುರುತು ಹಿಡಿದು ಚಪ್ಪಾಳೆ ತಟ್ಟಿದರು. ಅವನು ನನ್ನ ಮುಖ ನೋಡಲಿಲ್ಲ, ನನ್ನ ಕಾಲು ನೋಡಿದ. ಹಿಮ್ಮಡಿಯಡಿ ಅವನ ಹಲಗೆ. ನಾನು ಸುಟ್ಟುಕೊಂಡವನ ಹಾಗೆ ಕಾಲೆತ್ತಿದೆ, ಕಂಬದ ಹತ್ತಿರಕ್ಕೆ ಸರಿದೆ. ಅಣ್ಣ ಕೂತ, ಹಲಗೆ ಎಳೆದುಕೊಂಡ, ಗಿಟಾರು ತೊಡೆಯ ಮೇಲಿಟ್ಟುಕೊಂಡ.

"ರೈಲು" ಎಂದ. ಅಷ್ಟೇ. ಒಂದು, ಎರಡು, ಮೂರು, ಸುಂಯ್.

ಕೈ ಗಟ್ಟಿಯಿದ್ದ ಕಾಲದ ವೇಗ, ಗುಬ್ಬಿ. ಮೊದಲನೇ ಸಾಲು ಹೇಗೋ ದಾಟಿತು. ಎರಡನೇ ಸಾಲಿಗೆ ಹಿಡಿತ ಬದಲಿಸಿ ಆ ಎರಡು ಬೆರಳಿನಿಂದ ದಪ್ಪ ತಂತಿ ಒತ್ತಬೇಕು. ಗರ್ ಎಂದಿತು. ಮತ್ತೆ ಹಿಡಿದ, ಗರ್. ಆಮೇಲೆ ಬಲಗೈ ನಿಂತಿತು. ಹಿಮ್ಮಡಿ ಹಲಗೆಯ ಮೇಲೆ ಒತ್ತಿ ನಿಂತಿತು.

ಆ ಹಿಮ್ಮಡಿ ಒತ್ತಿ ನಿಂತರೆ ನಾನು ನಿಲ್ಲಬೇಕು. ಜೀವಮಾನವೆಲ್ಲ ನಿಂತಿದ್ದೇನೆ. ನೋಡಿದೆ, ನಿಂತದ್ದು ಚೆನ್ನಾಗಿ ಕಾಣಿಸಿತು. ನನ್ನ ಬೆರಳು ಮಾತ್ರ ನಿಲ್ಲಲಿಲ್ಲ. ಏಕೆಂದು ಕೇಳಬೇಡ. ಅತ್ತಿಗೆ ಒಬ್ಬರೇ ಹಾಡುತ್ತಿದ್ದರು, ಅವರ ಕಾಲ ಕೆಳಗೆ ಏನಾದರೂ ಇರಬೇಕಿತ್ತು. ನಾನು ಕಂಬ ಬಿಟ್ಟು ಅಣ್ಣನ ಕುರ್ಚಿಯ ಪಕ್ಕಕ್ಕೆ ಬಂದಿದ್ದೆ. ಬಾಗಿ ಅವನ ಕಿವಿಯಲ್ಲಿ ಏನೋ ಕೂಗಿದೆನಂತೆ. ನನಗೆ ನೆನಪಿಲ್ಲ. ಅತ್ತಿಗೆ ಹೇಳುವ ಪ್ರಕಾರ ಕೂಗಿದ್ದು ಇದು:

"ಸಣ್ಣ ತಂತಿ ಎರಡು ಸಾಕು ಅಣ್ಣ! ದಪ್ಪದ್ದು ನಾನು ನೋಡ್ಕೋತೀನಿ!"

ಅವನ ತೋರುಬೆರಳು, ನಡುಬೆರಳು ಸರಿಯಾಗಿವೆ. ಎರಡು ಬೆರಳಿಗೆ ಎರಡು ಸಣ್ಣ ತಂತಿ. ಕೆಳಗಿನ ಸ್ವರ ಹೇಗೂ ನನ್ನ ಬೇಸಿನಲ್ಲಿದೆ, ಅದನ್ನು ಅವನು ಹಿಡಿಯಬೇಕಾಗಿಯೇ ಇಲ್ಲ. ಇಷ್ಟು ವರ್ಷ ಇಬ್ಬರೂ ಅದನ್ನೇ ಹಿಡಿಯುತ್ತಿದ್ದೆವು, ಒಂದೇ ಬಿಂದಿಗೆಯನ್ನು ಇಬ್ಬರು ಹೊತ್ತ ಹಾಗೆ.

ಅಣ್ಣ ನನ್ನನ್ನು ನೋಡಿದ. ಅಪ್ಪ ಬೈಯುವ ಮೊದಲು ನೋಡುತ್ತಿದ್ದರಲ್ಲ, ಆ ನೋಟ. ನನ್ನ ಬೆರಳು ಓಡುತ್ತಲೇ ಇತ್ತು. ಆಮೇಲೆ ಅವನು ಕಣ್ಣು ಕೆಳಗೆ ಮಾಡಿ ಎರಡು ಬೆರಳಿಟ್ಟು ಮೀಟಿದ. ಟಿಣ್. ಮೇಲೆ ಅವನ ಎರಡು, ಕೆಳಗೆ ನನ್ನದೊಂದು. ತುಂಬಿತು, ಗುಬ್ಬಿ. ಅತ್ತಿಗೆ ಬೆನ್ನು ತಿರುಗಿಸಿ ನಿಂತಿದ್ದರೂ ಅವರ ಹೆಗಲು ಇಳಿದದ್ದು ನನಗೆ ಕಾಣಿಸಿತು.

ಕೊನೆಯ ಸಾಲು ಬಂತು. ಹಾಡು ಎಲ್ಲಿ ನಿಲ್ಲುತ್ತದೆಂದು ನೋಡಲು ಅಭ್ಯಾಸಬಲದಿಂದ ನನ್ನ ಕಣ್ಣು ಅಣ್ಣನ ಹಿಮ್ಮಡಿಗೆ ಹೋಯಿತು. ಅದು ಅಲ್ಲಾಡುತ್ತಿರಲಿಲ್ಲ. ತಲೆಯೆತ್ತಿದೆ. ಅಣ್ಣ ನನ್ನ ಹಿಮ್ಮಡಿ ನೋಡುತ್ತಿದ್ದ.

ಒತ್ತಿದೆ. ಮೂವರೂ ಒಟ್ಟಿಗೆ ನಿಂತೆವು.

ಚಪ್ಪಾಳೆಯಲ್ಲಿ ಅಣ್ಣ ತುಟಿ ಅಲ್ಲಾಡಿಸದೆ ಹೇಳಿದ, "ಏನೋ, ನನಗೇ ಹುಕುಂ ಮಾಡ್ತೀಯೇನೋ?"

"ತಪ್ಪಾಯ್ತಣ್ಣ."

"ಮಂಚ ಎತ್ತೋವಾಗ್ಲೇ ಗೊತ್ತಾಯ್ತು. ನೀನು ಹುಟ್ಟಿದ ಮೇಲೆ ಒಂದ್ ಸಲ ಆದ್ರೂ ಎಣಿಸಿದ್ಯೇನೋ? ಅದೂ ನಾಲ್ಕು ಬಿಟ್ಟು! ನನ್ನ ನಾಲ್ಕು ಕದ್ದವನು ಎಲ್ಲಿ ಕಲ್ತ ಅಂತ ಒಂದ್ ವಾರ ನಿದ್ದೆ ಬಂದಿಲ್ಲ ನನಗೆ." ಉಸಿರು ತೆಗೆದುಕೊಂಡ. "ಗೋಡೆ ನೋಡ್ಕೊಂಡು ಯೋಚ್ನೆ ಮಾಡ್ದೆ. ನಿಮ್ಮಿಬ್ಬರನ್ನೂ ಎಳ್ಕೊಂಡು ಹೋಗೋಣ, ಇಲ್ಲಾ ನನ್ ಜಾಗದಲ್ಲಿ ನಾನೇ ಕೂತ್ಕೊಳೋಣ ಅಂತ್ಲೇ ಇಲ್ಲಿಗೆ ಬಂದಿದ್ದು. ಬಾಗ್ಲಲ್ಲಿ ನಿಂತು ಮೊದಲ್ನಿಂದ ಕೇಳ್ದೆ."

"ಹೇಗಿತ್ತಣ್ಣ?"

"ಕಿಟಕಿ ಹಾಡು ಇಳಿಸಿದ್ದೀಯ."

"ಹೂಂ."

"ಹಾಗೇ ಇರ್ಲಿ."

ಆಮೇಲೆ ಕಾಲಿನಿಂದ ಹಲಗೆಯನ್ನು ನನ್ನ ಕಡೆ ತಳ್ಳಿದ. "ಎಣಿಸು" ಎಂದ.

ನಾನು ಹಿಮ್ಮಡಿ ಇಟ್ಟೆ. ಒಂದು, ಎರಡು, ಮೂರು ಎಂದೆ. ನಾಲ್ಕರ ಜಾಗ ಖಾಲಿ ಬಿಟ್ಟೆ. ಸುಂಯ್ ಎಂದು ಅಲ್ಲಿ ಅಣ್ಣನ ಉಸಿರು ಕೇಳಿಸಿತು.

ಏಪ್ರಿಲ್ ೨೨, ಸೋಮವಾರ

ಗುಬ್ಬಿ, ಈ ಹಾಳೆಯೊಂದನ್ನು ಹರಿದು ನಿಜವಾಗಿ ಅಂಚೆಗೆ ಹಾಕುತ್ತಿದ್ದೇನೆ. ಹಿಂದಿನವು ನನ್ನ ಹತ್ತಿರವೇ ಇರಲಿ.

ಇಲ್ಲಿ ಎಲ್ಲರೂ ಕ್ಷೇಮ. ಹೋಟೆಲಿನ ಜಾಗ ನಮಗೇ ಉಳಿಯಿತು. ಮಾಲೀಕರು ಹೇಳಿದ್ದು ಒಂದೇ ಮಾತು, ಗಿಟಾರು ಮೊದಲಿಗಿಂತ ಮೆತ್ತಗಿದೆ, ಊಟ ಮಾಡುವಾಗ ಹಿತವಾಗಿದೆ ಎಂದು. ಅಣ್ಣ ಅದನ್ನು ಕೇಳಿ, "ನನ್ನ ಎರಡು ಬೆರಳು ಸತ್ತದ್ದು ಇವರ ಜೀರ್ಣಕ್ಕೆ ಒಳ್ಳೇದಾಯ್ತು" ಎಂದು ಬೆಳಗಿನಿಂದ ಹತ್ತು ಸಲ ಹೇಳಿ ನಗುತ್ತಿದ್ದಾನೆ. ನಗು ಮುಗಿದ ಮೇಲೆ ಬೆರಳು ನೋಡಿಕೊಳ್ಳುತ್ತಾನೆ. ಅವು ಬರುತ್ತವೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ. ಅತ್ತಿಗೆ ನಿನ್ನೆ ಮಧ್ಯಾಹ್ನ ಮಲಗಿದವರು ಸಂಜೆಯವರೆಗೆ ಏಳಲಿಲ್ಲ, ಅಷ್ಟು ದಿನದ ನಿದ್ದೆ.

ಮ್ಯಾನೇಜರಮ್ಮ ಬೋರ್ಡಿನಲ್ಲಿ ಬ್ಯಾಂಡಿನ ಮುಖ್ಯಸ್ಥರೆಂದು ಯಾರ ಹೆಸರು ಬರೆಯಲಿ ಎಂದು ನನ್ನನ್ನು ಕೇಳಿದಳು. ನನ್ನನ್ನೇಕೆ ಕೇಳುತ್ತಾಳೋ! ಅಣ್ಣನದು ಎಂದೆ, ಇನ್ನೇನು ಹೇಳಲಿ.

ಒಂದು ಉಪಕಾರ ಮಾಡು. ಫೋನ್ ಮಾಡಬೇಡ, ಕಾಗದ ಬರಿ. ನನಗೆ ಬೇಡ, ಅಣ್ಣನ ಹೆಸರಿಗೆ ಬರಿ. ಭಾವನ ಮಂಡಿ, ಅತ್ತೆಯವರ ಕಣ್ಣು, ಚಿಂಟಿಯ ಕೆಮ್ಮು, ಡುಮ್ಮನ ದಡ್ಡತನ, ಏನು ಬೇಕಾದರೂ ಬರಿ. ಲಕೋಟೆಗೆ ಅಂಟು ಮಾತ್ರ ಜಿಪುಣತನ ಮಾಡದೆ ಹಚ್ಚು. ಆ ಎರಡು ಬೆರಳಿಗೆ ದಿನಾ ಕೆಲಸ ಬೇಕಂತೆ, ಅವನು ಅವುಗಳಿಂದಲೇ ಬಿಡಿಸಿ ತೆಗೆಯಲಿ. ಬೇಗ ಬರಿ.